ಒಂದೇ ದಿನ, ಎರಡು ಕೆಂಪು

2024ರ ಮಾರ್ಚ್ 11, ಸೋಮವಾರ. ಅವತ್ತು ನಮ್ಮ ನ್ಯೂಸ್‌ರೂಮಿಗೆ ಎರಡು ಸುದ್ದಿ ಬಂದವು. ಒಂದು ಬೆಂಗಳೂರಿನದು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಮಾಧ್ಯಮದ ಮುಂದೆ ಬಂದು, ಇನ್ನು ಮೇಲೆ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವ ಹಾಗಿಲ್ಲ ಅಂದ್ರು. ಇನ್ನೊಂದು ಬ್ಯಾಡಗಿಯದು. ಲಕ್ಷಗಟ್ಟಲೆ ಚೀಲ ಮೆಣಸಿನಕಾಯಿ ಬಂದು ಬಿದ್ದಿದ್ದ ಮಾರುಕಟ್ಟೆಯಲ್ಲಿ ದರ ದಿಢೀರ್ ಕುಸಿಯಿತು. ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ರು, ವಾಹನಗಳಿಗೆ ಬೆಂಕಿ ಬಿತ್ತು. ಅಗ್ನಿಶಾಮಕದ ಗಾಡಿಯೂ ಆ ಬೆಂಕಿಯಿಂದ ಉಳಿಯಲಿಲ್ಲ.

ನಾವು ಏನು ಮಾಡಿದ್ವಿ? ಎರಡನ್ನೂ ಬೇರೆ ಬೇರೆ ಓಡಿಸಿದ್ವಿ. ಗೋಬಿಗೆ ಒಂದು ಪ್ಯಾನೆಲ್ ಚರ್ಚೆ, ಬ್ಯಾಡಗಿಗೆ ಬ್ರೇಕಿಂಗ್. ಗೋಬಿ ಆರೋಗ್ಯದ ಸುದ್ದಿ, ಬ್ಯಾಡಗಿ ಕಾನೂನು ಸುವ್ಯವಸ್ಥೆಯ ಸುದ್ದಿ. ಎರಡೂ ಕೆಂಪು ಬಣ್ಣದ ಸುದ್ದಿ ಅಂತ ಅವತ್ತು ನನಗೆ ಹೊಳೆಯಲಿಲ್ಲ. ಹೊಳೆದಾಗ ತಡವಾಗಿತ್ತು, ಆದರೆ ಕತೆ ಹಳೆಯದಾಗಿರಲಿಲ್ಲ. ಅದನ್ನೇ ಈಗ ಹೇಳ್ತೀನಿ.

ಒಂದು ಮಾತು ಮೊದಲೇ ಸ್ಪಷ್ಟ ಮಾಡಿಬಿಡ್ತೀನಿ. ಬ್ಯಾಡಗಿಯಲ್ಲಿ ದರ ಬಿದ್ದಿದ್ದಕ್ಕೆ ಗೋಬಿ ಅಂಗಡಿಯ ಬಣ್ಣ ಕಾರಣ ಅಂತ ನಾನು ಹೇಳ್ತಾ ಇಲ್ಲ. ಮಾಲು ಹೆಚ್ಚಾದರೆ ದರ ಬೀಳುತ್ತೆ, ಅದಕ್ಕೆ ಅದರದ್ದೇ ಲೆಕ್ಕ ಇದೆ. ನನ್ನ ಪ್ರಶ್ನೆ ಬೇರೆ. ಜಗತ್ತೇ ಹುಡುಕಿಕೊಂಡು ಬರುವಂಥ ಕೆಂಪನ್ನು ಬೆಳೆಯೋ ಊರುಗಳಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳು ತಿನ್ನೋ ಕೆಂಪು ಯಾವುದು?

ಬ್ಯಾಡಗಿ ಅಂದ ಕೂಡಲೇ ಎಲ್ಲರೂ ಹಾವೇರಿ ಜಿಲ್ಲೆ ಅಂತಾರೆ. ಸರಿ. ಆದರೆ 1997ರವರೆಗೆ ಹಾವೇರಿಯೂ ಇಲ್ಲ, ಗದಗೂ ಇಲ್ಲ, ಎಲ್ಲವೂ ಧಾರವಾಡ ಜಿಲ್ಲೆಯೇ. ಹೆಸರು ಬ್ಯಾಡಗಿಯದು, ಯಾಕಂದ್ರೆ ಪೇಟೆ ಅಲ್ಲಿದೆ. ಬೆಳೆ ಮಾತ್ರ ಕುಂದಗೋಳದ್ದು, ನವಲಗುಂದದ್ದು, ಅಣ್ಣಿಗೇರಿಯದ್ದು, ಆಚೆ ಗದಗ-ಹಾವೇರಿಯದ್ದು. ಮಳೆ ನಂಬಿದ ಎರಿ ಭೂಮಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ, ಮೂರನ್ನೂ ಒಂದೇ ಹೊಲದಲ್ಲಿ ಸಾಲು ಬಿಟ್ಟು ಹಾಕೋದು ಇಲ್ಲಿನ ಹಳೇ ಲೆಕ್ಕಾಚಾರ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತೆ ಅಂತ. ಮೂರೂ ಕೈಕೊಟ್ಟ ವರ್ಷಗಳೂ ಇವೆ, ಅದು ಬೇರೆ ಮಾತು.

ಮೆಣಸಿನಕಾಯಿ ನಮ್ಮದಲ್ಲ ಅನ್ನೋದು ನಿಮಗೆ ಗೊತ್ತಿರಬಹುದು. ಅದು ಅಮೆರಿಕ ಖಂಡದ ಗಿಡ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ಕಲಘಟಗಿಯಿಂದ ಪಶ್ಚಿಮಕ್ಕೆ ಹೋದರೆ ಕಾಡು, ಘಟ್ಟ, ಘಟ್ಟ ಇಳಿದರೆ ಕಡಲು. ಗೋವಾ ಏನೂ ದೂರ ಇಲ್ಲ. ಅದಕ್ಕೂ ಮೊದಲು ನಮ್ಮ ಅಡುಗೆಯ ಖಾರ ಅಂದ್ರೆ ಮೆಣಸು, ಅಂದ್ರೆ ಕಾಳುಮೆಣಸು. ಹೊಸ ಗಿಡ ಬಂದಾಗ ನಮ್ಮವರು ಹೊಸ ಹೆಸರು ಹುಡುಕೋಕೆ ಹೋಗಲಿಲ್ಲ, ಮೆಣಸಿನಂಥಾ ಕಾಯಿ, ಮೆಣಸಿನಕಾಯಿ ಅಂದುಬಿಟ್ರು. ಕಾಳುಮೆಣಸಿನಲ್ಲಿ ಖಾರ ಇತ್ತು, ಬಣ್ಣ ಇರಲಿಲ್ಲ. ಹೊಸ ಅತಿಥಿ ಎರಡನ್ನೂ ತಂದಿತು.

ಬ್ಯಾಡಗಿ ತಳಿಯ ವಿಶೇಷ ಇರೋದೇ ಇಲ್ಲಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಕಡ್ಡಿ ಅಂತ ಒಂದು, ಉದ್ದ, ತೆಳು, ಬೀಜ ಕಡಿಮೆ. ಡಬ್ಬಿ ಅಂತ ಇನ್ನೊಂದು, ಗಿಡ್ಡ, ದಪ್ಪ, ಮೈಯೆಲ್ಲ ಸುಕ್ಕು. ನೋಡೋಕೆ ಚೆಂದ ಇಲ್ಲದ ಈ ಸುಕ್ಕಿನ ಕಾಯಿಗೇ ಹೆಚ್ಚು ಮರ್ಯಾದೆ. ಮಸಾಲೆ ವ್ಯಾಪಾರದಲ್ಲಿ ಬಣ್ಣ ಅಳೆಯೋಕೆ ಆಸ್ತಾ ಅನ್ನೋ ಅಮೆರಿಕದ ಅಳತೆ ಇದೆ. ಒಳ್ಳೇ ಬ್ಯಾಡಗಿ ಕಾಯಿ ಅದರಲ್ಲಿ 150 ದಾಟುತ್ತೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿತು.

ಈ ಬಣ್ಣ ಎಲ್ಲಿಗೆ ಹೋಗುತ್ತೆ? ಕಾರ್ಖಾನೆಗೆ. ಅಲ್ಲಿ ಕಾಯಿಯನ್ನು ಪುಡಿ ಮಾಡಿ, ದ್ರಾವಕ ಹಾಕಿ, ಬಣ್ಣವನ್ನೂ ಖಾರವನ್ನೂ ಹೀರಿ ತೆಗೀತಾರೆ. ಆಮೇಲೆ ದ್ರಾವಕವನ್ನು ಆವಿ ಮಾಡಿದರೆ ಉಳಿಯೋದು ಗಾಢ ಕೆಂಪಿನ ಎಣ್ಣೆ. ಹೆಸರು ಓಲಿಯೋರೆಸಿನ್. ಒಂದು ಟನ್ ಕಾಯಿಗೆ ಸುಮಾರು 50 ಲೀಟರ್. ಯುರೋಪಿನ ಪೊಟ್ಟಣಗಳ ಮೇಲೆ ಇ160ಸಿ ಅಂತ ಬರೆದಿರುತ್ತೆ ನೋಡಿ, ಅದೇ ಇದು, ಮೆಣಸಿನಕಾಯಿಯ ಬಣ್ಣ. ಸಾಸ್, ಚೀಸ್, ಸಾಸೇಜ್, ಕುರುಕಲು ತಿಂಡಿ, ಎಲ್ಲದಕ್ಕೂ ಬೇಕು. ಮೊಟ್ಟೆಯ ಹಳದಿ ಚೆನ್ನಾಗಿ ಕಾಣಲಿ ಅಂತ ಕೋಳಿಯ ಮೇವಿಗೂ ಹಾಕ್ತಾರೆ. ಲಿಪ್‌ಸ್ಟಿಕ್ಕಿಗೂ ಹೋಗುತ್ತೆ. ಇದೂ ಒಂದು ಆಹಾರದ ಬಣ್ಣವೇ, ಇದನ್ನೂ ಸೇರಿಸುವುದೇ. ಆದರೆ ಹೊಲದಲ್ಲಿ ಹುಟ್ಟಿದ್ದು.

ಆದರೆ ಅಸಲಿ ಕೆಂಪಿಗೆ ಒಂದು ದೊಡ್ಡ ದೋಷ ಇದೆ. ಅದು ಮಾಸುತ್ತೆ.

ಮೆಣಸಿನಕಾಯಿಯ ಕೆಂಪು ಕ್ಯಾಪ್ಸಾಂಥಿನ್ ಅನ್ನೋ ವಸ್ತುವಿನದು, ಗಜ್ಜರಿಯ ಬಣ್ಣದ ಬಳಗದ್ದೇ. ಬೆಳಕು, ಬಿಸಿ, ಗಾಳಿ, ಮೂರೂ ಅದಕ್ಕೆ ಶತ್ರು. ಇಡೀ ಕಾಯಿಯನ್ನು ತಂಪಿನಲ್ಲಿ ಇಟ್ಟರೆ ತಡೆಯುತ್ತೆ. ಪುಡಿ ಮಾಡಿ ಅಂಗಡಿಯ ಮುಂದೆ ಗುಡ್ಡೆ ಹಾಕಿದರೆ ಕೆಲವೇ ತಿಂಗಳಲ್ಲಿ ಇಟ್ಟಿಗೆಪುಡಿ ಬಣ್ಣ. ರುಚಿ ಇರುತ್ತೆ, ಖಾರ ಇರುತ್ತೆ, ಗಿರಾಕಿ ಮಾತ್ರ ಮುಟ್ಟೋದಿಲ್ಲ. ಹಳೇ ಮಾಲು ಉಳಿದ ವ್ಯಾಪಾರಿ ಏನು ಮಾಡಬೇಕು? ಕಲಬೆರಕೆಯ ಇತಿಹಾಸ ಪೂರ್ತಿ ಇದೊಂದು ಪ್ರಶ್ನೆಗೆ ಸಿಕ್ಕ ಉತ್ತರಗಳೇ.

ಉತ್ತರ ಸಿಕ್ಕಿದ್ದು ಕಲ್ಲಿದ್ದಲಿನ ಡಾಂಬರಿನಲ್ಲಿ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಅನ್ನೋ 18 ವರ್ಷದ ಹುಡುಗ ಮಲೇರಿಯಾದ ಕ್ವಿನೈನ್ ಮಾಡೋಕೆ ಹೋಗಿ, ಆಕಸ್ಮಿಕವಾಗಿ ನೇರಳೆ ಬಣ್ಣ ಕಂಡುಹಿಡಿದ. ಜಗತ್ತಿನ ಮೊದಲ ದೊಡ್ಡ ಕೃತಕ ಬಣ್ಣ. ಆಮೇಲೆ ಜರ್ಮನಿಯ ಕಾರ್ಖಾನೆಗಳು ಸಾಲುಸಾಲಾಗಿ ಬಣ್ಣ ತೆಗೆದವು. ಅವರ ಕೃತಕ ನೀಲಿ 1897ರಲ್ಲಿ ಪೇಟೆಗೆ ಬಂದ ಮೇಲೆ ನಮ್ಮ ದೇಶದ ನೀಲಿ ಬೆಳೆಯ ಗತಿ ಏನಾಯ್ತು ಅನ್ನೋದನ್ನ ಶಾಲೆಯಲ್ಲಿ ಓದಿದ್ದೀರಿ. ಇದೇ ಸಾಲಿನಲ್ಲಿ 1883ರಲ್ಲಿ ಬಂದಿದ್ದು ಸುಡಾನ್ 1. ಆಫ್ರಿಕಾದ ಸುಡಾನ್ ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ, ಬರೀ ವ್ಯಾಪಾರದ ಹೆಸರು. ಮೇಣ, ಎಣ್ಣೆ, ಬೂಟ್ ಪಾಲಿಶ್, ಇವಕ್ಕೆ ಹಾಕೋ ಬಣ್ಣ ಇದು. ನೀರಿನಲ್ಲಿ ಕರಗಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತೆ. ಬೆಳಕಿಗೆ ಅಷ್ಟು ಬೇಗ ಜಗ್ಗಲ್ಲ. ಮೆಣಸಿನಪುಡಿಗೆ ಹೇಳಿ ಮಾಡಿಸಿದ ಹಾಗೆ ಹೊಂದಿಕೊಳ್ಳುತ್ತೆ.

ಆಹಾರಕ್ಕೆ ಬಣ್ಣ ಹಚ್ಚೋದು ಅದಕ್ಕೂ ಹಿಂದಿನಿಂದ ಇತ್ತು. ಲಂಡನ್ನಿನಲ್ಲಿದ್ದ ಫ್ರೆಡ್ರಿಕ್ ಆಕುಮ್ ಅನ್ನೋ ಜರ್ಮನ್ ರಸಾಯನತಜ್ಞ 1820ರಲ್ಲಿ ಕಲಬೆರಕೆ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ಚೀಸಿನ ಕತೆ ಇದೆ, ಕೇಳಿ. ಚೀಸ್ ತಿಂದವನಿಗೆ ಹೊಟ್ಟೆನೋವು. ಹುಡುಕಿದರೆ ಚೀಸಿನಲ್ಲಿ ಸೀಸದ ಕೆಂಪು. ಚೀಸ್ ಮಾಡಿದವನು ಹಾಕಿದ್ದು ರಂಗುಮಾಲೆ ಬೀಜದ ಬಣ್ಣ, ತಪ್ಪಿಲ್ಲ. ಆ ಬಣ್ಣ ಮಾರಿದವನು ಮಾಲು ಮಂಕಾಗಿದೆ ಅಂತ ಸಿಂಧೂರ ಬೆರೆಸಿದ್ದ. ಸಿಂಧೂರ ಮಾರಿದವನು, ಇದು ಗೋಡೆಗೋ ಬಾಗಿಲಿಗೋ ಹೋಗುತ್ತೆ ಅಂದುಕೊಂಡು ಅಗ್ಗದ ಸೀಸದ ಕೆಂಪು ಸೇರಿಸಿದ್ದ. ಮೂರು ಜನ. ಒಬ್ಬನಿಗೂ ವಿಷ ಹಾಕೋ ಉದ್ದೇಶ ಇಲ್ಲ. ವಿಷ ಮಾತ್ರ ತಟ್ಟೆಗೆ ಬಂತು.

ಈ ಕತೆ ಮನಸ್ಸಿನಲ್ಲಿಟ್ಟುಕೊಂಡು 2003ಕ್ಕೆ ಬನ್ನಿ. ಆ ವರ್ಷ ಮೇ ತಿಂಗಳಲ್ಲಿ ಫ್ರಾನ್ಸ್, ಭಾರತದಿಂದ ಬಂದ ಮೆಣಸಿನಕಾಯಿ ಪದಾರ್ಥದಲ್ಲಿ ಸುಡಾನ್ 1 ಇದೆ ಅಂತ ಇಡೀ ಯುರೋಪಿಗೆ ಎಚ್ಚರಿಕೆ ಕೊಟ್ಟಿತು. ಜೂನ್ ಹೊತ್ತಿಗೆ ಯುರೋಪಿಯನ್ ಒಕ್ಕೂಟ ತುರ್ತು ಆದೇಶ ಹೊರಡಿಸಿತು. ಪರೀಕ್ಷೆಯ ಪ್ರಮಾಣಪತ್ರ ಇಲ್ಲದೆ ಮೆಣಸಿನಕಾಯಿ ಒಳಗೆ ಬರೋ ಹಾಗಿಲ್ಲ. 2004ರ ಜನವರಿಯಲ್ಲಿ ಸುಡಾನ್ 2, 3, 4 ಕೂಡ ಪಟ್ಟಿಗೆ ಸೇರಿದವು.

ಅಷ್ಟಕ್ಕೇ ಮುಗೀತಾ? ಇಲ್ಲ. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಬಾಂಬ್ ಸಿಡಿದ ಹಾಗಾಯ್ತು. ಅಲ್ಲಿನ ಒಂದು ಹೆಸರಾಂತ ವೂಸ್ಟರ್ ಸಾಸ್‌ನಲ್ಲಿ ಸುಡಾನ್ 1 ಪತ್ತೆ. ಸಾಸ್‌ಗೆ ಹೋಗಿದ್ದ ಮೆಣಸಿನಪುಡಿಯ ಮೂಲ ಭಾರತ. ಆ ಸಾಸ್ ಒಂದನ್ನೇ ಹಿಂದಕ್ಕೆ ತಗೊಂಡ್ರೆ ಸಾಕಿತ್ತು ಅಂದುಕೊಳ್ಳಬೇಡಿ. ಅದನ್ನು ಸೂಪಿಗೆ ಹಾಕಿದ್ರು, ಪಿಜ್ಜಾಗೆ ಹಾಕಿದ್ರು, ರೆಡಿ ಊಟಕ್ಕೆ ಹಾಕಿದ್ರು. 400ಕ್ಕೂ ಹೆಚ್ಚು ಪದಾರ್ಥಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯ್ತು. ಆಕುಮ್‌ನ ಚೀಸಿನ ಕತೆಯೇ, 185 ವರ್ಷ ಆದ ಮೇಲೆ.

ಸುಡಾನ್ 1 ಅಷ್ಟು ಅಪಾಯಕಾರಿಯಾ? ನಾನು ಹೆದರಿಸೋಕೆ ಹೋಗಲ್ಲ, ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ಇಲಿಗಳಿಗೆ ಹೆಚ್ಚು ಪ್ರಮಾಣದಲ್ಲಿ ತಿನ್ನಿಸಿದಾಗ ಯಕೃತ್ತಿನಲ್ಲಿ ಗಡ್ಡೆಗಳು ಕಂಡವು. ಇದು ಆ್ಯಜೋ ಜಾತಿಯ ಬಣ್ಣ. ದೇಹದ ಒಳಗೆ ಒಡೆದಾಗ ಅನಿಲಿನ್‌ನಂಥ ಹಾನಿಕಾರಕ ತುಂಡುಗಳಾಗುತ್ತೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಪುರಾವೆ ಸಾಲದು ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದನ್ನು ಮೂರನೇ ಗುಂಪಿನಲ್ಲಿಟ್ಟಿದೆ. ಬ್ರಿಟನ್ನಿನ ಆಹಾರ ಇಲಾಖೆಯೂ, ಒಂದೆರಡು ಸಲ ತಿಂದವರಿಗೆ ಅಪಾಯ ತೀರಾ ಕಡಿಮೆ ಅಂತಲೇ ಹೇಳಿತು. ಹಾಗಿದ್ದೂ 400 ಪದಾರ್ಥ ವಾಪಸ್ ತೆಗೆದಿದ್ದು ಯಾಕೆ? ಇಂಥ ವಸ್ತುವಿಗೆ ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ಮಿತಿ ಹಾಕೋಕೆ ಆಗಲ್ಲ. ತಟ್ಟೆಯಲ್ಲಿ ಇರಲೇಬಾರದು, ಅಷ್ಟೇ.

ಈಗ ನನ್ನ ತಕರಾರಿಗೆ ಬರ್ತೀನಿ. ಯುರೋಪ್ ಬಾಗಿಲು ಹಾಕಿದ ಕೂಡಲೇ ನಮ್ಮ ಸಾಂಬಾರ ಮಂಡಳಿ ಚುರುಕಾಯ್ತು. ರಫ್ತಾಗೋ ಮೆಣಸಿನಕಾಯಿ, ಪುಡಿಗೆ ಸುಡಾನ್ ಪರೀಕ್ಷೆ ಕಡ್ಡಾಯ. ಸ್ಯಾಂಪಲ್ ತೆಗಿ, ಪ್ರಯೋಗಾಲಯಕ್ಕೆ ಕಳಿಸು, ಪಾಸಾದರೆ ಮಾತ್ರ ಹಡಗು. ಒಳ್ಳೇ ಕೆಲಸ, ಶಹಬ್ಬಾಸ್ ಅನ್ನೋಣ. ಆದರೆ ಹಡಗು ಹತ್ತದ ಪುಡಿ? ಅಣ್ಣಿಗೇರಿ ಸಂತೆಯಲ್ಲಿ ತಾಡಪತ್ರಿಯ ಮೇಲೆ ತೂಗಿ ಮಾರೋ ಪುಡಿ? ಅದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲ. ಯಾವಾಗಲಾದರೂ ಆಹಾರ ಸುರಕ್ಷತಾ ಅಧಿಕಾರಿ ಬಂದು ಸ್ಯಾಂಪಲ್ ತೆಗೆದರೆ ಉಂಟು.

ಕಾನೂನು ಇಲ್ಲ ಅಂತಲ್ಲ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1925ರಲ್ಲಿ, ಆ ಪ್ರಾಂತ್ಯಕ್ಕೆ ಕಲಬೆರಕೆ ತಡೆ ಕಾಯ್ದೆ ಬಂದಿತ್ತು. ಸ್ವಾತಂತ್ರ್ಯದ ಮೇಲೆ 1954ರ ಕೇಂದ್ರ ಕಾಯ್ದೆ. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, ಜಾರಿಗೆ ಬಂದಿದ್ದು 2011ರಲ್ಲಿ. ನಮ್ಮಲ್ಲಿ ಆಹಾರಕ್ಕೆ ಹಾಕಬಹುದಾದ ಕೃತಕ ಬಣ್ಣ ಎಂಟೇ ಎಂಟು. ಕೆಂಪು ಮೂರು: ಪಾನ್ಸೋ 4ಆರ್, ಕಾರ್ಮೋಸಿನ್, ಎರಿತ್ರೋಸಿನ್. ಹಳದಿ ಎರಡು: ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ. ನೀಲಿ ಎರಡು, ಹಸಿರು ಒಂದು. ಅದೂ ಎಲ್ಲದಕ್ಕೂ ಅಲ್ಲ. ಐಸ್‌ಕ್ರೀಮ್, ಬಿಸ್ಕತ್ತು, ಸಿಹಿ ತಿನಿಸು, ಶರಬತ್ತು, ಹೀಗೆ ಪಟ್ಟಿ ಮಾಡಿದ ಕೆಲವಕ್ಕೆ ಮಾತ್ರ. ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮೀರೋ ಹಾಗಿಲ್ಲ. ಮೆಣಸಿನಪುಡಿ ಆ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಯಾವ ಹೊರಗಿನ ಬಣ್ಣವೂ ಸೇರಬಾರದು.

ಹಾಗಂತ ಪಟ್ಟಿಯಲ್ಲಿ ಇರೋದೆಲ್ಲ ಹಾಲಿನಷ್ಟು ಸಾಚಾ ಅಂದುಕೊಳ್ಳಬೇಡಿ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮಕ್ಕಳ ಮೇಲೆ ಒಂದು ಅಧ್ಯಯನ ಆಯ್ತು. ಕೆಲವು ಕೃತಕ ಬಣ್ಣಗಳ ಮಿಶ್ರಣ, ಜೊತೆಗೆ ಒಂದು ಸಂರಕ್ಷಕ ಕುಡಿಸಿದಾಗ ಮಕ್ಕಳ ಚಡಪಡಿಕೆ ಹೆಚ್ಚಾಯ್ತು. ಅದರ ನಂತರ 2010ರಿಂದ ಯುರೋಪಿನಲ್ಲಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಸೇರಿ ಆರು ಬಣ್ಣಗಳ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಲೇಬೇಕು. ಎರಿತ್ರೋಸಿನ್‌ಗೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕ 2025ರ ಜನವರಿಯಲ್ಲಿ ಹಿಂದಕ್ಕೆ ತಗೊಂಡಿತು.

ಇನ್ನು ನಮ್ಮ ಗೋಬಿ. ಮಂಚೂರಿಯನ್ ಅನ್ನೋ ತಿನಿಸು ಚೀನಾದ್ದಲ್ಲ, ಮುಂಬೈಯದು. 1975ರ ಸುಮಾರಿಗೆ ನೆಲ್ಸನ್ ವಾಂಗ್ ಅನ್ನೋ ಬಾಣಸಿಗರು ಕೋಳಿಯಲ್ಲಿ ಮಾಡಿದ್ದು. ಕೋಳಿ ಹೋಗಿ ಹೂಕೋಸು ಬಂತು, ತಳ್ಳುಗಾಡಿ ಹತ್ತಿತು, ನವಲಗುಂದಕ್ಕೂ ಬಂತು, ಕಲಘಟಗಿಗೂ ಬಂತು. ಸಂಜೆ ಮಿರ್ಚಿ ಬಜಿ, ಗಿರಮಿಟ್ಟಿನ ಪಕ್ಕದಲ್ಲೇ ಗೋಬಿ ಗಾಡಿ. ಕೆಂಪಗಿಲ್ಲದಿದ್ದರೆ ಹುಡುಗರು ತಿನ್ನಲ್ಲ. ಬ್ಯಾಡಗಿ ಪುಡಿಯಿಂದಲೇ ಅಷ್ಟು ಕೆಂಪು ಮಾಡಬೇಕಂದ್ರೆ ಪ್ಲೇಟಿನ ದರ ಎಲ್ಲಿಗೋ ಹೋಗುತ್ತೆ. ಒಂದು ಚಿಟಿಕೆ ಬಣ್ಣದಲ್ಲಿ ಒಂದು ಬುಟ್ಟಿ ಹೂಕೋಸು ಕೆಂಪಾಗುತ್ತೆ. ಗಾಡಿಯವನ ಲೆಕ್ಕ ಇಷ್ಟೇ.

ಆರೋಗ್ಯ ಇಲಾಖೆ ತೆಗೆದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ. 25 ಬಾಂಬೆ ಮಿಠಾಯಿ ಸ್ಯಾಂಪಲ್‌ಗಳಲ್ಲಿ 15 ಅಸುರಕ್ಷಿತ. ಸಿಕ್ಕ ಬಣ್ಣಗಳು ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ಮತ್ತೆ ರೋಡಮೈನ್-ಬಿ. ಮೊದಲ ಮೂರು ಆ ಎಂಟರ ಪಟ್ಟಿಯಲ್ಲಿವೆ, ಆದರೆ ಗೋಬಿಗೆ ಹಾಕೋ ಹಾಗಿಲ್ಲ. ನಾಲ್ಕನೆಯದು ಯಾವ ಆಹಾರಕ್ಕೂ ಇಲ್ಲ. ಅದು ಬಟ್ಟೆಗೆ, ಕಾಗದಕ್ಕೆ ಹಾಕೋ ಗುಲಾಬಿ ಕೆಂಪು. ನೀರಿಗೆ ಹಾಕಿದರೆ ಮಿನುಗುತ್ತೆ, ಹರಿಯೋ ನೀರಿನ ದಾರಿ ಪತ್ತೆ ಮಾಡೋಕೆ ಎಂಜಿನಿಯರ್‌ಗಳು ಬಳಸ್ತಾರೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಯಕೃತ್ತಿಗೆ ಹಾನಿ ಕಂಡಿದೆ. ಅದೇ ಫೆಬ್ರವರಿಯಲ್ಲಿ ಪುದುಚೇರಿ, ತಮಿಳುನಾಡು ಬಾಂಬೆ ಮಿಠಾಯಿಯನ್ನೇ ನಿಷೇಧಿಸಿದ್ವು. ನಮ್ಮ ಸರ್ಕಾರ ತಿನಿಸನ್ನು ಬಿಟ್ಟು ಬಣ್ಣವನ್ನು ಹಿಡಿಯಿತು. ಅದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಬಿಳಿ ಬಾಂಬೆ ಮಿಠಾಯಿ ತಿಂದರೆ ಯಾರಿಗೂ ಏನೂ ಆಗಲ್ಲ, ಸಕ್ಕರೆ ಜಾಸ್ತಿ ಅಷ್ಟೇ. ಜೂನ್‌ನಲ್ಲಿ ಕಬಾಬ್‌ನ ಬಣ್ಣಕ್ಕೂ ನಿಷೇಧ ಬಂತು.

ಆದೇಶದಲ್ಲಿ ಏಳು ವರ್ಷ ಜೈಲು, ಹತ್ತು ಲಕ್ಷ ದಂಡ ಅನ್ನೋ ಮಾತಿತ್ತು. ಹೆಡ್‌ಲೈನ್‌ಗೆ ಚೆನ್ನಾಗಿರುತ್ತೆ. ಆದರೆ ಕಾಯ್ದೆಯ ಪ್ರಕಾರ ಸ್ಯಾಂಪಲ್ ತೆಗೆದು, ನಾಲ್ಕು ಭಾಗ ಮಾಡಿ, ಸೀಲ್ ಹಾಕಿ, ವಿಶ್ಲೇಷಕರಿಗೆ ಕಳಿಸಬೇಕು. ಅವರಿಗೆ ವರದಿ ಕೊಡೋಕೆ 14 ದಿನ ಸಮಯ. ಜಾತ್ರೆ ಇರೋದು ಐದು ದಿನ. ವರದಿ ಬರೋ ಹೊತ್ತಿಗೆ ಗಾಡಿ ಇನ್ನೊಂದು ಊರಿನ ಜಾತ್ರೆಯಲ್ಲಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದಲ್ಲ ಅಂತೀರಾ? ಮಾಡಬಹುದು. ಒಂದು ಗ್ಲಾಸ್ ನೀರಿನ ಮೇಲೆ ಮೆಣಸಿನಪುಡಿ ಉದುರಿಸಿ. ಕೂಡಲೇ ಬಣ್ಣದ ಗೆರೆಗಳು ಕೆಳಗಿಳಿದರೆ ಅದು ನೀರಿನಲ್ಲಿ ಕರಗೋ ಕೃತಕ ಬಣ್ಣ. ವಾಟ್ಸ್‌ಆ್ಯಪ್‌ನಲ್ಲಿ ಈ ವಿಡಿಯೋ ಎಲ್ಲರೂ ನೋಡಿದ್ದೀರಿ. ಅದು ಹೇಳದೇ ಇರೋದು ಏನಂದ್ರೆ, ಸುಡಾನ್ ನೀರಿನಲ್ಲಿ ಕರಗೋದೇ ಇಲ್ಲ. ನಿಮ್ಮ ಗ್ಲಾಸ್ ಪರೀಕ್ಷೆಯಲ್ಲಿ ಅದು ಸಲೀಸಾಗಿ ಪಾಸ್. ಎಣ್ಣೆಯಲ್ಲಿ ಹಾಕಿ ನೋಡೋಣ ಅಂದ್ರೆ, ಅಸಲಿ ಮೆಣಸಿನಕಾಯಿಯೂ ಎಣ್ಣೆಯನ್ನು ಕೆಂಪು ಮಾಡುತ್ತೆ. ಸುಡಾನ್ ಹಿಡಿಯೋಕೆ ಪ್ರಯೋಗಾಲಯದ ಯಂತ್ರವೇ ಬೇಕು. ಅಂದ್ರೆ ಗ್ರಾಹಕ ಜಾಗೃತನಾಗಬೇಕು ಅಂತ ನಾವು ಟಿವಿಯವರು ಎಷ್ಟೇ ಕೂಗಿದರೂ, ಈ ವಿಷಯದಲ್ಲಿ ಗ್ರಾಹಕನ ಕೈಯಲ್ಲಿ ಹೆಚ್ಚೇನೂ ಇಲ್ಲ. ಕೆಲಸ ಇರೋದು ಸರ್ಕಾರದ ಕೈಯಲ್ಲಿ.

ಬಣ್ಣದ ಮೋಹ ನಮ್ಮ ಜಿಲ್ಲೆಗೆ ಹೊಸದಲ್ಲ. ಕಲಘಟಗಿಯ ತೊಟ್ಟಿಲು ನೋಡಿ, ಅರಗಿನ ಬಣ್ಣದಲ್ಲಿ ರಾಮಾಯಣವನ್ನೇ ಬರೆದಿರ್ತಾರೆ. ಗೌರಿ ಹುಣ್ಣಿಮೆಗೆ ಸಕ್ಕರಿ ಆರತಿ ಮಾಡ್ತಾರೆ, ಕಟ್ಟಿಗೆಯ ಅಚ್ಚಿನಲ್ಲಿ ಆನೆ, ಒಂಟೆ, ತೇರು. ಬಿಳಿಯದರ ಜೊತೆ ಗುಲಾಬಿ, ಹಳದಿ. ಆರತಿ ಮುಗಿದ ಮೇಲೆ ಅದು ಹೋಗೋದು ಮಕ್ಕಳ ಬಾಯಿಗೇ. ಆ ಗುಲಾಬಿ ಬಣ್ಣದ ಡಬ್ಬಿಯ ಮೇಲೆ ಏನು ಬರೆದಿದೆ ಅಂತ ನಾವು ಎಂದಾದರೂ ಕೇಳಿದ್ದೀವಾ?

ಕುಂದಗೋಳ ಕಡೆಯ ಮನೆಗಳಲ್ಲಿ ಒಂದು ಪದ್ಧತಿ ಇದೆ. ಪೇಟೆಗೆ ಎಷ್ಟೇ ಚೀಲ ಹೋಗಲಿ, ಮನೆಗೆ ಅಂತ ಒಂದಿಷ್ಟು ಒಳ್ಳೇ ಕಾಯಿ ಬೇರೆ ತೆಗೆದಿಡ್ತಾರೆ. ಬಿಸಿಲಿಗೆ ಹಾಕಿ, ತುಂಬು ಮುರಿದು, ವರ್ಷಕ್ಕಾಗೋ ಖಾರ ಕುಟ್ಟಿಸ್ತಾರೆ. ಹಸಿ ಕೆಂಪು ಕಾಯಿ ಸಿಕ್ಕರೆ ರಂಜಕ ಮಾಡ್ತಾರೆ. ರಂಜಕ ಅನ್ನೋ ಪದಕ್ಕೆ ಸಂಸ್ಕೃತದಲ್ಲಿ ಬಣ್ಣ ಕೊಡುವಂಥದ್ದು ಅನ್ನೋ ಅರ್ಥವೂ ಇದೆ. ರೊಟ್ಟಿಯ ಮೇಲೆ ಹಚ್ಚಿಕೊಂಡು ತಿನ್ನೋ ಆ ಕೆಂಪಿಗೆ ಯಾವ ಪ್ರಯೋಗಾಲಯವೂ ಬೇಡ.

ಆದರೆ ಈಗ ಆ ಮನೆಗಳಲ್ಲೂ ಹೊಲ ಕಡಿಮೆಯಾಗಿದೆ. ಮುಟುರು ರೋಗ ಬಂದರೆ ಬ್ಯಾಡಗಿ ತಳಿ ತಡೆಯಲ್ಲ, ಮಳೆ ತಪ್ಪಿದರೆ ಇಳುವರಿ ಇಲ್ಲ. ನೀರಾವರಿಯ ಹೈಬ್ರಿಡ್ ಕಾಯಿ ಎಕರೆಗೆ ಅದರ ಎಷ್ಟೋ ಪಟ್ಟು ಬರುತ್ತೆ. ಹೊಲದಲ್ಲಿ ಮೆಣಸಿನಗಿಡ ಇಲ್ಲದವರು ಖಾರಪುಡಿ ತರೋದು ಅದೇ ಸಂತೆಯಿಂದ, ಅದೇ ತಾಡಪತ್ರಿಯ ಮೇಲಿಂದ. ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಚೀಲ ಇಟ್ಟುಕೊಂಡು ದರಕ್ಕಾಗಿ ಕಾದು ನಿಂತಿದ್ದವರಲ್ಲಿ ಎಷ್ಟು ಜನ, ಸಂಜೆ ಊರಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳಿಗೆ ಅಂತ ಒಂದು ಪ್ಲೇಟ್ ಕೆಂಪು ಗೋಬಿ ಕಟ್ಟಿಸಿಕೊಂಡು ಹೋಗಿರಬಹುದು?